ಕಟ್ಟಡ ಕೊಡ್ತೇನೆ ಅಂತಾರೆ, ಬಸ್ಸಿನ ದುಡ್ಡು ಯಾರ ಹತ್ರ ಕೇಳೋದು?

ಪ್ರಶ್ನೆ: ಸರ್, ನಾನು ಕುಂದಾಪುರದಿಂದ ಒಳಗೆ, ಘಟ್ಟದ ಬುಡದಲ್ಲಿರುವ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಬೊಂಬಾಯಲ್ಲಿ ಹೋಟೆಲು ಮಾಡಿದ ಊರಿನವರಿದ್ದಾರೆ, ಗಲ್ಫಿನಲ್ಲಿದ್ದಾರೆ, ಕೇಳಿದ್ರೆ ಇಲ್ಲ ಅನ್ನೋದಿಲ್ಲ, ಆದ್ರೆ ಎಲ್ರೂ ಕಟ್ಟಡ, ಗೇಟು, ಸ್ಟೇಜು ಅಂತಲೇ ಹೇಳೋದು. ಇಲ್ಲಿ ಮಕ್ಕಳು ಅರ್ಧದಲ್ಲಿ ಕಾಲೇಜು ಬಿಡ್ತಾ ಇದ್ದಾರೆ. ದಾನಿಗಳ ಜೊತೆ ಒಂದು ವರ್ಷಕ್ಕೆ ಮುಗಿಯದ ಹಾಗೆ ಸಂಬಂಧ ಕಟ್ಟೋದು ಹೇಗೆ? ಕಂಪನಿಗಳ ಸಿಎಸ್‌ಆರ್, ಅಂದ್ರೆ ಕಾನೂನಿನ ಪ್ರಕಾರ ಸಮಾಜಕ್ಕೆ ಖರ್ಚು ಮಾಡ್ಬೇಕಾದ ದುಡ್ಡು, ಕೇಳಬಹುದಾ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಒಂದು ಕಂಪ್ಯೂಟರ್ ಲ್ಯಾಬು. ಯಾವ ಕಾಲೇಜು ಅಂತ ಬೇಡ. ಬಾಗಿಲ ಪಕ್ಕ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು, ಫಳಫಳ ಹೊಳೀತಾ ಉಂಟು, ಅಟೆಂಡರು ವಾರಕ್ಕೊಮ್ಮೆ ಒರೆಸ್ತಾರಂತೆ. ಬಾಗಿಲು ತೆಗೆದ್ರೆ ಬೂಸ್ಟು ಹಿಡಿದ ವಾಸನೆ, ಆಟಿ ತಿಂಗಳಿನ ಮಳೆ ಬೇರೆ. ಇಪ್ಪತ್ತೈದು ಕಂಪ್ಯೂಟರಿಗೂ ಹಳೆ ಬೆಡ್‌ಶೀಟು ಹೊದಿಸಿದ್ದಾರೆ. ಯುಪಿಎಸ್ ಬ್ಯಾಟರಿ ಉಬ್ಬಿ ಹೋಗಿ ಎರಡು ವರ್ಷ ಆಗಿತ್ತು, ಅದನ್ನು ಬದಲಾಯಿಸುವ ದುಡ್ಡು ಯಾರ ಲೆಕ್ಕದಲ್ಲಿಯೂ ಇಲ್ಲ. ಲಕ್ಷಗಟ್ಟಲೆ ಕೊಟ್ಟ ದಾನಿಯ ಹತ್ರ ಬ್ಯಾಟರಿಗೆ ಕೇಳೋಕೆ ಪ್ರಿನ್ಸಿಪಾಲರಿಗೆ ನಾಚಿಕೆ. ಸರ್ಕಾರಕ್ಕೆ ಬರೆದ್ರೆ ಇದು ನಮ್ಮ ಆಸ್ತಿ ರಿಜಿಸ್ಟರಿನಲ್ಲಿ ಇಲ್ಲ ಅಂತ ಉತ್ತರ. ಆ ದಾನಿ ಎಂತ ತಪ್ಪು ಮಾಡಿದ್ರು ಹೇಳಿ? ಕೇಳಿದ್ದನ್ನು ಕೊಟ್ರು ಅಷ್ಟೇ. ತಪ್ಪು ಕೇಳಿದವರದ್ದು.

ಹಾಗಾಗಿ ನಾನು ಯಾವ ಸಂಘದವರು ಬಂದ್ರೂ ಮೊದಲು ಕೇಳೋದು ಒಂದೇ, ಮಕ್ಕಳು ಯಾವ ತಿಂಗಳಲ್ಲಿ, ಎಷ್ಟು ರೂಪಾಯಿಗೆ ಕಾಲೇಜು ಬಿಡ್ತಾರೆ ನಿಮಗೆ ಗೊತ್ತುಂಟಾ? ಹೆಚ್ಚಿನವರಿಗೆ ಗೊತ್ತಿರೋದಿಲ್ಲ. ಬಡತನ ಸರ್ ಅಂತಾರೆ. ಬಡತನ ಅಂದ್ರೆ ದಾನಿಗೆ ಎಂತ ಅರ್ಥ ಆಗ್ತದೆ, ಅವರು ಒಂದು ಚೆಕ್ ಬರೆದು ಫೋಟೋ ತೆಗೆಸಿ ಹೋಗ್ತಾರೆ.

ನಾನು ಕಾಮರ್ಸ್ ಪಾಠ ಮಾಡ್ತಾ ಇದ್ದವನು, ಆಮೇಲೆ ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಕೆಲಸ ನೋಡಿಕೊಂಡವನು, ಲೆಕ್ಕ ನೋಡುವ ಚಟ ಬಿಡೋದಿಲ್ಲ. ಒಮ್ಮೆ ಒಂದು ಕ್ಲಾಸಿನ ಮೂರು ತಿಂಗಳ ಹಾಜರಿ ಪುಸ್ತಕ ಪಕ್ಕ ಪಕ್ಕ ಇಟ್ಟು ನೋಡಿದೆ. ಒಬ್ಬಳು ಹುಡುಗಿ, ಸೋಮವಾರದಿಂದ ಬುಧವಾರದವರೆಗೆ ತಪ್ಪದೆ ಬರ್ತಾಳೆ, ಗುರುವಾರ ಶುಕ್ರವಾರ ಆಬ್ಸೆಂಟು, ಹೆಚ್ಚುಕಮ್ಮಿ ಪ್ರತಿ ವಾರವೂ ಹೀಗೇ. ಮೇಷ್ಟ್ರುಗಳು ಉದಾಸೀನ ಅಂದ್ಕೊಂಡಿದ್ರು. ಕರೆದು ಕೇಳಿದ್ರೆ ಅಮ್ಮ ಬೀಡಿ ಕಟ್ಟುವವರು, ಬೀಡಿ ಬ್ರ್ಯಾಂಚಿನಲ್ಲಿ ಮಜೂರಿ ಸಿಗೋದು ವಾರಕ್ಕೊಮ್ಮೆ, ಶನಿವಾರ. ಎರಡು ಬಸ್ಸು ಬದಲಾಯಿಸಿ ಬರ್ಬೇಕು, ಹೋಗಿ ಬರೋದಕ್ಕೆ ದಿನಕ್ಕೆ 70 ರೂಪಾಯಿ. ಬುಧವಾರಕ್ಕೆ ದುಡ್ಡು ಮುಗೀತದೆ. ಅಷ್ಟೇ ವಿಷಯ. ತಿಂಗಳಿಗೆ 22 ದಿನ ಅಂತ ಹಾಕಿದ್ರೆ 1,540 ರೂಪಾಯಿ. ಆ ಹುಡುಗಿಯ ಡಿಗ್ರಿ ನಿಂತಿದ್ದು ಆ 1,540ರ ಮೇಲೆ, ಅದೇ ಕಾಲೇಜಿನಲ್ಲಿ ಆ ವರ್ಷ ಹೊಸ ಸ್ವಾಗತ ಗೋಪುರ ಎದ್ದಿತ್ತು.

ಶಕ್ತಿ ಯೋಜನೆ ಬಂತಲ್ಲ, ಹುಡುಗಿಯರಿಗೆ ಬಸ್ಸು ಫ್ರೀ ಅಲ್ವಾ ಅಂತ ಬೆಂಗಳೂರಿನವರು ಕೇಳ್ತಾರೆ. 2023ರ ಜೂನಿನಿಂದ ಫ್ರೀ ಹೌದು, ಆದ್ರೆ ಸರ್ಕಾರಿ ಬಸ್ಸಲ್ಲಿ ಮಾತ್ರ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲಿ ಒಳರೂಟಲ್ಲಿ ಓಡೋದು ಹೆಚ್ಚಾಗಿ ಪ್ರೈವೇಟು ಬಸ್ಸು. ಉಳಿದ ಕರ್ನಾಟಕಕ್ಕೆ ಸಿಕ್ಕಿದ ಲಾಭ ನಮ್ಮ ಎಷ್ಟೋ ಹುಡುಗಿಯರಿಗೆ ತಲುಪಲೇ ಇಲ್ಲ. ದಾನಿಯ ದುಡ್ಡು ಹೋಗಬೇಕಾದ ಜಾಗ ಇಂಥದ್ದು. ಸರ್ಕಾರದ ಯೋಜನೆ ಉಂಟು, ಆದ್ರೆ ಈ ಊರಿಗೆ, ಈ ಮಗುವಿಗೆ, ಈ ತಿಂಗಳಿಗೆ ಮುಟ್ಟೋದಿಲ್ಲ, ಆ ಸಂದು ತುಂಬಲಿಕ್ಕೆ ಊರಿನ ದುಡ್ಡು. ಸಂದು ಎಷ್ಟು ಅಗಲ ಉಂಟು ಅಂತ ಅಳೆದು ಹೇಳೋದು ನಿಮ್ಮ ಕೆಲಸ, ದಾನಿಗೆ ಅದು ಕಾಣೋದಿಲ್ಲ ಮಾರಾಯ್ರೆ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಅಂತ ಉಂಟಲ್ಲ, ಎರಡು ವರ್ಷದ ಕೋರ್ಸು, ಮನೆಯಿಂದ ಓಡಾಡಿಕೊಂಡು, ಕೆಲಸ ಮಾಡ್ತಾ ಓದುವ ಮಕ್ಕಳೇ ಜಾಸ್ತಿ, ಒಂದು ಲೆಕ್ಕದಲ್ಲಿ ನಮ್ಮ ಸರ್ಕಾರಿ ಕಾಲೇಜಿನ ಮಕ್ಕಳ ಹಾಗೆಯೇ. ಅಲ್ಲಿ ಟೆನೆಸ್ಸಿ ರಾಜ್ಯದ ನಾಕ್ಸ್ ಕೌಂಟಿಯಲ್ಲಿ 2008ರಲ್ಲಿ ಊರಿನ ದಾನಿಗಳು ಸೇರಿ ಒಂದು ಏರ್ಪಾಡು ಮಾಡಿದ್ರು. ಬೇರೆ ಎಲ್ಲ ಕಡೆಯಿಂದ ಬರುವ ಸ್ಕಾಲರ್‌ಶಿಪ್ ಮೊದಲು ಬರಲಿ, ಕೊನೆಗೆ ಫೀಸಿಗೆ ಎಷ್ಟು ಕಡಿಮೆ ಬೀಳ್ತದೋ ಅಷ್ಟು ನಾವು ಹಾಕ್ತೇವೆ, ಜೊತೆಗೆ ಪ್ರತಿ ಹುಡುಗನಿಗೂ ಊರಿನ ಒಬ್ಬರು ದೊಡ್ಡವರು ಬೆನ್ನಿಗೆ ಇರ್ತಾರೆ, ಫಾರಂ ತುಂಬಿಸುವುದು, ತಾರೀಕು ನೆನಪು ಮಾಡುವುದು ಅವರ ಕೆಲಸ. ಇದು ಚೆನ್ನಾಗಿ ಆಯ್ತು ಅಂತ 2014ರಲ್ಲಿ ಇಡೀ ರಾಜ್ಯಕ್ಕೇ ಕಾನೂನು ಮಾಡಿದ್ರು. ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳಲ್ಲಿ 2007ರಿಂದ ಇನ್ನೊಂದು ನಡೀತಾ ಉಂಟು, ಅದಕ್ಕೆ ಎಎಸ್‌ಎಪಿ ಅಂತ ಹೆಸರು. ಫುಲ್ ಟೈಮ್ ಓದ್ಬೇಕು, ಆಗಾಗ ಸಲಹೆಗಾರರನ್ನು ನೋಡ್ಬೇಕು, ಫೀಸಿಗೆ ಕಡಿಮೆ ಬಿದ್ರೆ ಕೊಡ್ತಾರೆ, ಪುಸ್ತಕಕ್ಕೆ ಸಹಾಯ, ಮತ್ತೆ ಬಸ್ಸು ಮೆಟ್ರೋಗೆ ಪಾಸು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, ಮೂರು ವರ್ಷದಲ್ಲಿ ಕೋರ್ಸು ಮುಗಿಸಿದವರು ಈ ಗುಂಪಲ್ಲಿ ನೂರಕ್ಕೆ 40, ಇನ್ನೊಂದು ಗುಂಪಲ್ಲಿ 22. ಬಸ್ ಪಾಸಿನ ವಿಷಯ ನೋಡಿ ನನಗೆ ನಗು ಬಂತು. ನ್ಯೂಯಾರ್ಕಾದ್ರೂ ಕುಂದಾಪುರವಾದ್ರೂ ಮಕ್ಕಳು ಸಿಕ್ಕಿ ಬೀಳೋದು ಬಸ್‌ಸ್ಟ್ಯಾಂಡಲ್ಲೇ.

ಅಮೆರಿಕದವರೆಗೆ ಹೋಗೋದೂ ಬೇಡ ಬಿಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ರುಡ್‌ಸೆಟ್ ಮಾಡಿದ್ರು, ಕೆಲಸ ಇಲ್ಲದ ಹುಡುಗರಿಗೆ ಊಟ ವಸತಿ ಸಮೇತ ಪುಕ್ಕಟೆ ತರಬೇತಿ, ತರಬೇತಿ ಮುಗಿದ ಮೇಲೂ ಹುಡುಗ ಏನು ಮಾಡ್ತಾ ಇದ್ದಾನೆ ಅಂತ ಹಿಂದೆ ಬಿದ್ದು ವಿಚಾರಿಸೋದು. ಆ ಮಾದರಿಯನ್ನೇ ಆಮೇಲೆ ಕೇಂದ್ರ ಸರ್ಕಾರ ಜಿಲ್ಲೆ ಜಿಲ್ಲೆಗೆ ಆರ್‌ಸೆಟಿ ಅಂತ ತಗೊಂಡು ಹೋಯ್ತು. ಉಡುಪಿಯ ಯಕ್ಷಗಾನ ಕಲಾರಂಗದವರ ವಿದ್ಯಾಪೋಷಕ್ ನೋಡಿ, ಯಕ್ಷಗಾನದ ಸಂಸ್ಥೆ, ಆದ್ರೆ ಬಡ ಮಕ್ಕಳ ಮನೆಗೇ ಹೋಗಿ ನೋಡಿ ಸಹಾಯ ಕೊಡ್ತಾರೆ, ಮನೆ ಸರಿ ಇಲ್ಲದ ಮಕ್ಕಳಿಗೆ ದಾನಿಗಳನ್ನು ಹಿಡಿದು ಮನೆಯನ್ನೇ ಕಟ್ಟಿಸಿ ಕೊಟ್ಟಿದ್ದಾರೆ. ಮನೆ ನೋಡಿ ಬಂದವನ ಮಾತಿಗೆ ದಾನಿಯ ಎದುರು ಒಂದು ತೂಕ ಇರ್ತದೆ, ಆದಾಯ ಪ್ರಮಾಣಪತ್ರದ ಜೆರಾಕ್ಸಿಗೆ ಆ ತೂಕ ಇಲ್ಲ.

ನಮ್ಮೂರಿನ ದಾನದ ಚರಿತ್ರೆ ಹೇಳೋಕೆ ಹೊರಟ್ರೆ ನಿಲ್ಲೋದಿಲ್ಲ, ಒಂದೇ ಹೇಳ್ತೇನೆ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಲ್ಲಿ ಕೆನರಾ ಹೈಸ್ಕೂಲು ಮಾಡಿದ್ದು 1891ರಲ್ಲಿ, ಕೆನರಾ ಬ್ಯಾಂಕು ಮಾಡಿದ್ದು 1906ರಲ್ಲಿ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ 1928ರದ್ದು, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತೋದು. ಆಗ ಬ್ಯಾಂಕಿನ ಯಜಮಾನರು ಊರಲ್ಲೇ ಇದ್ರು, ಮದುವೆ ಮನೆಯಲ್ಲಿ ಸಿಕ್ಕಾಗ ಕಿವಿಗೆ ಹಾಕಿದ್ರೂ ಕೆಲಸ ಆಗ್ತಿತ್ತು. ಈಗ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟು ಮತ್ತೆ ಕಾರ್ಪೊರೇಷನ್ 2020ರಲ್ಲಿ ವಿಲೀನ ಆದ ಮೇಲೆ ತೀರ್ಮಾನ ಮಾಡುವವರು ದೂರ ಆದ್ರು, ಬಾಯಿಮಾತಲ್ಲಿ ಆಗ್ತಿದ್ದದ್ದು ಈಗ ಫೈಲಲ್ಲಿ ಆಗ್ಬೇಕು. ಹಾಗಾಗಿ ಕಾಗದ ಪತ್ರದ ವಿಷಯ ಸ್ವಲ್ಪ ಬೋರ್ ಆದ್ರೂ ಓದಿ.

ನಿಮ್ಮ ಕಾಲೇಜು ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರು ಶಾಸಕರು. ಅದರ ಖಾತೆಗೆ ದಾನಿಯ ದುಡ್ಡು ಹಾಕ್ಬೇಡಿ ಅಂತ ನನ್ನ ಅಭಿಪ್ರಾಯ, ಯಾರ ಮೇಲೂ ಅನುಮಾನ ಅಲ್ಲ, ಚುನಾವಣೆ ಬಂದು ಸಮಿತಿ ಬದಲಾದ್ರೆ ನಾಲ್ಕು ತಿಂಗಳು ಸಹಿ ಮಾಡುವವರು ಇರೋದಿಲ್ಲ, ಅಷ್ಟರಲ್ಲಿ ನಿಮ್ಮ ಹುಡುಗಿ ಮನೆಗೆ ಹೋಗಿರ್ತಾಳೆ. ಹಳೆ ವಿದ್ಯಾರ್ಥಿ ಸಂಘ ರಿಜಿಸ್ಟರ್ ಆಗಿದ್ಯಾ ನೋಡಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ. ಎಷ್ಟೋ ಸಂಘ ರಿಜಿಸ್ಟರ್ ಮಾಡಿ ಮರೆತು ಬಿಟ್ಟಿರ್ತಾವೆ, ವರ್ಷ ವರ್ಷ ಲೆಕ್ಕ ಕೊಟ್ಟಿರೋದಿಲ್ಲ. ಅದು ಸರಿ ಇದ್ರೆ ಆದಾಯ ತೆರಿಗೆಯವರ ಹತ್ರ ಜನ 12ಎ, 80ಜಿ ಅಂತ ಕರೆಯುವ ನೋಂದಣಿ ಮಾಡಿಸ್ಕೊಳ್ಳಿ, ಮೊದಲನೆಯದ್ದು ಸಂಘಕ್ಕೆ ತೆರಿಗೆ ವಿನಾಯಿತಿ, ಎರಡನೆಯದ್ದು ದಾನಿಗೆ ತೆರಿಗೆ ರಿಯಾಯಿತಿ, ಊರಿನ ಯಾರಾದ್ರೂ ಸಿಎ ಹಳೆ ವಿದ್ಯಾರ್ಥಿ ಇದ್ರೆ ಇದೇ ಅವರ ದೇಣಿಗೆ ಅಂತ ಹೇಳಿ. ಒಂದು ಮಾತು, 80ಜಿ ರಿಯಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಸಿಗೋದಿಲ್ಲ, 2,000 ರೂಪಾಯಿ ಮೀರಿದ ನಗದಿಗೂ ಸಿಗೋದಿಲ್ಲ. ಟ್ಯಾಕ್ಸ್ ಉಳೀತದೆ ಅಂತ ಹೇಳಿ ದುಡ್ಡು ತಗೊಂಡು ಮಾರ್ಚಲ್ಲಿ ಬೈಗುಳ ತಿನ್ಬೇಡಿ.

ಸಿಎಸ್‌ಆರ್ ಕೇಳಬಹುದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನು, ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ಲಾಭ 5 ಕೋಟಿ, ಈ ಮೂರರಲ್ಲಿ ಒಂದು ಇದ್ರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2 ಖರ್ಚು ಮಾಡ್ಲೇಬೇಕು. ಶಿಕ್ಷಣ ಅದರ ಪಟ್ಟಿಯಲ್ಲಿ ಉಂಟು, ಕಂಪನಿ ಇರುವ ಆಸುಪಾಸಿಗೆ ಮೊದಲು ಕೊಡ್ಬೇಕು ಅಂತಲೂ ಉಂಟು. ಹಾಗಾಗಿ ಸುರತ್ಕಲ್ ಕಡೆ ತೈಲ ಶುದ್ಧೀಕರಣದ ಕಂಪನಿ ಎಂಆರ್‌ಪಿಎಲ್‌ನಂಥವರ ಹತ್ರ ಕುಂದಾಪುರದ ಒಳಗಿನವರು ಹೋದ್ರೆ ಸರದಿ ಹಿಂದೆ ಬೀಳಬಹುದು, ನಿಮ್ಮ ತಾಲೂಕಿನಲ್ಲೇ ಫ್ಯಾಕ್ಟರಿಯೋ ಫೈನಾನ್ಸ್ ಕಂಪನಿಯೋ ಯಾವುದು ಉಂಟು ಮೊದಲು ಹುಡುಕಿ. ತೊಡಕು ಎಲ್ಲಿ ಅಂದ್ರೆ, ದುಡ್ಡು ತಗೊಳ್ಳುವ ಸಂಘಕ್ಕೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು, ಅಂಥದ್ದೇ ಕೆಲಸ ಮಾಡಿದ ಮೂರು ವರ್ಷದ ಅನುಭವ ಬೇಕು. ನಿಮ್ಮದು ಇಲ್ಲ ಅಂದ್ರೆ ಹಳೆಯ ಒಂದು ಟ್ರಸ್ಟಿನ ಮೂಲಕ ಹೋಗಿ, ಇಲ್ಲ ಕಂಪನಿಯೇ ನೇರವಾಗಿ ಖರ್ಚು ಮಾಡ್ಲಿ. ಬಡ್ಡಿಯಲ್ಲಿ ನಡೆಸುವ ಹಾಗೆ ಇಡುಗಂಟು ಕೊಡಿ ಅಂತ ಕಂಪನಿಗೆ ಬರೀಬೇಡಿ, 2021ರ ಜನವರಿಯಿಂದ ಇಡುಗಂಟಿಗೆ ಹಾಕಿದ್ದು ಸಿಎಸ್‌ಆರ್ ಲೆಕ್ಕಕ್ಕೆ ಬರೋದಿಲ್ಲ, ಅರ್ಜಿ ನೋಡಿದವರೇ ಬದಿಗೆ ಇಡ್ತಾರೆ. ಆದ್ರೆ ಶುರು ಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಯುವ ಯೋಜನೆಗೆ ಅವಕಾಶ ಉಂಟು, ಅಂದ್ರೆ ಒಂದು ಡಿಗ್ರಿ ಬ್ಯಾಚು ಪೂರ್ತಿ ಮುಗೀತದೆ. ಹಾಗೆ ಬರೆದು ಕೇಳಿ. ಜನವರಿಗೆ ಹೋಗ್ಬೇಡಿ, ಆಗ ಅವರು ಮಾರ್ಚ್ 31ರ ಒಳಗೆ ಮುಗಿಯುವ ಬೆಂಚು ಡೆಸ್ಕನ್ನೇ ಹುಡುಕ್ತಾ ಇರ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಹೋಗಿ.

ಗಲ್ಫಿನವರ ವಿಷಯದಲ್ಲಿ ಬಹಳ ಜನ ಹೆದರ್ತಾರೆ, ಎಫ್‌ಸಿಆರ್‌ಎ ಬೇಕಲ್ವಾ ಅಂತ, ಅಂದ್ರೆ ವಿದೇಶಿ ದೇಣಿಗೆ ತಗೊಳ್ಳೋಕೆ ಸರ್ಕಾರದ ಅನುಮತಿ. ಇಂಡಿಯನ್ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಆಗೋದಿಲ್ಲ, ದುಬೈಯಲ್ಲಿ ಇದ್ರೂ ಮಸ್ಕತ್ತಲ್ಲಿ ಇದ್ರೂ. ಪಾಸ್‌ಪೋರ್ಟಿನ ಕಾಪಿ ಒಂದು ಫೈಲಲ್ಲಿ ಇಟ್ಕೊಳ್ಳಿ. ಆದ್ರೆ ಅಮೆರಿಕ, ಕೆನಡಾದ ಪೌರತ್ವ ತಗೊಂಡವರು, ಒಸಿಐ ಕಾರ್ಡಿನವರು (ಭಾರತ ಮೂಲದ ವಿದೇಶಿ ಪ್ರಜೆಗಳು) ಕೊಟ್ರೆ ಅದು ವಿದೇಶಿಯೇ. ಅಲ್ಲಿ ರಿಜಿಸ್ಟರ್ ಆದ ಸಂಘ ಸಂಘದ ಹೆಸರಲ್ಲಿ ಕಳಿಸಿದ್ರೂ ವಿದೇಶಿಯೇ, ಸದಸ್ಯರೆಲ್ಲ ನಮ್ಮೂರಿನವರಾದ್ರೂ ಅಷ್ಟೇ. ಅಂಥ ದುಡ್ಡಿಗೆ ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಒಂದು ರೂಪಾಯಿ ಮುಟ್ಬೇಡಿ. ಹತ್ತು ಜನ ಒಟ್ಟು ಮಾಡಿ ಒಬ್ಬರ ಅಕೌಂಟಿಂದ ಹಾಕೋದೂ ಬೇಡ, ಒಬ್ಬೊಬ್ಬರೇ ಹಾಕ್ಲಿ, ರಶೀದಿಯೂ ಒಬ್ಬೊಬ್ಬರಿಗೆ ಹೋಗ್ಲಿ.

ಇನ್ನು ಮುಖ್ಯ ವಿಷಯ. ನಿಮ್ಮ ಮೊದಲ ವರ್ಷದ ಕೆಲಸ ದುಡ್ಡು ಎತ್ತೋದಕ್ಕಿಂತ ಸರ್ಕಾರದ ದುಡ್ಡು ಮಕ್ಕಳ ಖಾತೆಗೆ ಬರುವ ಹಾಗೆ ಮಾಡೋದು. ಎಸ್‌ಎಸ್‌ಪಿಯಲ್ಲಿ, ಅಂದ್ರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ, ಅರ್ಜಿ ಹಾಕಿಯೂ ವಿದ್ಯಾರ್ಥಿವೇತನ ಬಾರದ ಮಕ್ಕಳನ್ನು ಒಂದು ದಿನ ಕೂರಿಸಿ ವಿಚಾರಿಸಿ, ನನ್ನ ಅನುಭವದಲ್ಲಿ ಹೆಚ್ಚಿನದ್ದು ಸಣ್ಣ ಗಂಟು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಆಧಾರಲ್ಲಿ ಒಂದು ಇನಿಷಿಯಲ್ಲು ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಳತು. ವಿದ್ಯಾಸಿರಿಯಲ್ಲಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರ ಹಾಗೆ ಹತ್ತು ತಿಂಗಳು, ಅಂದ್ರೆ 15,000 ಸಿಗ್ತಾ ಇತ್ತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯದ್ದು ಬೇರೆಯೇ ಉಂಟು, ಅಮ್ಮನ ಬೀಡಿ ಕಾರ್ಡು ಬೇಕು, ನಾನು ಹೇಳಿದ ಆ ಹುಡುಗಿಯ ಮನೆಯಲ್ಲಿ ಕಾರ್ಡು ಇತ್ತು, ದೇವರ ಫೋಟೋದ ಹಿಂದೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಇಟ್ಟಿದ್ರು, ಅದಕ್ಕೊಂದು ಸ್ಕಾಲರ್‌ಶಿಪ್ ಸಿಗ್ತದೆ ಅಂತ ಯಾರೂ ಹೇಳಿರ್ಲಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಈ ಕೆಲಸ ಗೊತ್ತಿರುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಸಂಬಳ ಕೊಟ್ಟು ಕಾಲೇಜಿನ ಮೂಲೆಯಲ್ಲಿ ಒಂದು ಟೇಬಲ್ ಹಾಕಿ ಕೂರಿಸಿ. ತಿಂಗಳಿಗೆ 15,000 ಕೊಟ್ರೂ ನಾಲ್ಕು ತಿಂಗಳಿಗೆ 60,000. ಆ 15,000ದ ಲೆಕ್ಕದಲ್ಲಿ ನಾಲ್ಕು ಮಕ್ಕಳ ವಿದ್ಯಾಸಿರಿ ಸರಿ ಆದ್ರೆ ಆ ದುಡ್ಡು ವಾಪಸ್ ಬಂದ ಹಾಗೆ, ಐದನೆಯವರಿಂದ ಎಲ್ಲ ಲಾಭವೇ. ಹೋಟೆಲಿನ ಯಜಮಾನರಿಗೆ ಈ ಲೆಕ್ಕ ಹೇಳಿ ನೋಡಿ, ವ್ಯಾಪಾರಸ್ಥರು, ಒಂದೇ ನಿಮಿಷದಲ್ಲಿ ಹಿಡೀತಾರೆ.

ಸರ್ಕಾರದ ದುಡ್ಡು ಬಂದ್ರೂ ತಡವಾಗಿ ಬರ್ತದೆ, ಪರೀಕ್ಷೆ ಫೀಸು ಕಟ್ಟುವ ತಾರೀಕಿಗೆ ಅದು ಕಾಯೋದಿಲ್ಲ. ಅದಕ್ಕೆ ಒಂದು ಕೈಗಡದ ನಿಧಿ ಇಡಿ, ಎರಡು ಲಕ್ಷ ಇದ್ರೂ ಸಾಕು, ವಿದ್ಯಾರ್ಥಿವೇತನ ಬಂದ ಮೇಲೆ ಆದವರು ವಾಪಸ್ ಹಾಕ್ತಾರೆ, ಆಗದವರ ಹತ್ರ ಕೇಳ್ಬೇಡಿ. ಬಡ್ಡಿ ಇಲ್ಲ, ಜಾಮೀನು ಇಲ್ಲ. ನಿಮ್ಮಲ್ಲಿ ಬಸ್ಸಿಗೆ ಒದ್ದಾಡುವವರು 40 ಮಕ್ಕಳು ಅಂತ ಇಟ್ಕೊಳ್ಳಿ, ತಿಂಗಳಿಗೆ 1,500, ಹತ್ತು ತಿಂಗಳು, 6 ಲಕ್ಷ. ಅದರಲ್ಲೂ ಬಸ್ ಮಾಲಕರ ಹತ್ರ ಕೂತು ಮಾತಾಡಿದ್ರೆ ಅರ್ಧ ಚಾರ್ಜಿಗೆ ಒಪ್ತಾರೆ, ಅವರೂ ಊರಿನವರೇ, ಅರ್ಧ ಬಿಟ್ಟದ್ದು ಅವರ ಹೆಸರಲ್ಲೇ ದೇಣಿಗೆ ಅಂತ ಬರ್ಕೊಳ್ಳಿ.

ಜಾತಿ ಸಂಘಗಳ ವಿದ್ಯಾರ್ಥಿವೇತನ ನಮ್ಮಲ್ಲಿ ಬೇಕಾದಷ್ಟು ಉಂಟು, ಜೂನ್ ಜುಲೈಯಲ್ಲಿ ಪೇಪರು ನೋಡಿದ್ರೆ ಗೊತ್ತಾಗ್ತದೆ. ತೆಗಳೋದು ಬೇಡ, ಅದರಿಂದಲೇ ಓದಿದವರು ಎಷ್ಟೋ ಜನ. ಆದ್ರೆ ಬಲ ಇಲ್ಲದ ಸಂಘದ ಮಕ್ಕಳು, ಸಂಘವೇ ಇಲ್ಲದ ಮಕ್ಕಳು, ಘಟ್ಟದ ಮೇಲಿನಿಂದ ಕೂಲಿಗೆ ಬಂದವರ ಮಕ್ಕಳು ಬಿಟ್ಟು ಹೋಗ್ತಾರೆ. ನಿಮ್ಮ ನಿಧಿಗೆ ನಮ್ಮವರಿಗೆ ಮಾತ್ರ ಕೊಡಿ ಅಂತ ಯಾರಾದ್ರೂ ಹೇಳಿದ್ರೆ, ನಿಮ್ಮ ಸಂಘದ ಅರ್ಜಿಯನ್ನು ನಮ್ಮ ಟೇಬಲ್ಲಿನ ಹುಡುಗಿ ತುಂಬಿಸಿ ಕೊಡ್ತಾಳೆ, ನೀವು ನಿಮ್ಮ ಮಕ್ಕಳನ್ನು ನೋಡ್ಕೊಳ್ಳಿ, ನಮ್ಮ ದುಡ್ಡು ಉಳಿದವರಿಗೆ ಇರ್ಲಿ ಅಂತ ಹೇಳಿ. ಯಾರಿಗೂ ಬೇಜಾರಾಗೋದಿಲ್ಲ.

ನಾನು ಮಾಡಿದ ಒಂದು ತಪ್ಪು ನೀವು ಮಾಡ್ಬೇಡಿ. ನಮ್ಮ ಟ್ರಸ್ಟಿನ ಮೊದಲ ವರ್ಷ ದೊಡ್ಡ ಕಾರ್ಯಕ್ರಮ ಮಾಡಿದೆ, ಸ್ಟೇಜಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ದಾನಿಗಳ ಕೈಯಿಂದ ಚೆಕ್ ಕೊಡಿಸಿದ್ದು. ಎರಡನೇ ವರ್ಷ ಒಬ್ಬ ಹುಡುಗ ಅರ್ಜಿಯನ್ನೇ ಹಾಕ್ಲಿಲ್ಲ. ಯಾಕಪ್ಪಾ ಅಂದ್ರೆ ತಂಗಿಯ ಶಾಲೆಯಲ್ಲಿ ಪೇಪರಿನ ಫೋಟೋ ನೋಡಿ ಗೇಲಿ ಮಾಡಿದ್ರಂತೆ. ಆಮೇಲಿಂದ ದುಡ್ಡು ಸೀದಾ ಖಾತೆಗೆ, ಸ್ಟೇಜು ಇಲ್ಲ. ದಾನಿಗೆ ಮರ್ಯಾದೆ ಬೇಕು, ಅದು ನ್ಯಾಯ, ಹೆಸರಿನ ಬೋರ್ಡು ಹಾಕಿ, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಮಕ್ಕಳನ್ನು ಮಾತ್ರ ಸಾಲು ನಿಲ್ಲಿಸ್ಬೇಡಿ. ಆ ಹುಡುಗ ಡಿಗ್ರಿ ಮುಗಿಸಿದನಾ ಇಲ್ವಾ ಅಂತ ಕೇಳ್ಬೇಡಿ, ಅದನ್ನು ಹೇಳೋಕೆ ನನಗೇ ಕಷ್ಟ.

ಎರಡನೇ ವರ್ಷ ದುಡ್ಡು ಬರೋದು ಬಿಡೋದು ಒಂದು ಪತ್ರದ ಮೇಲೆ ನಿಂತಿದೆ. ಮೇ ತಿಂಗಳಲ್ಲಿ ಪ್ರತಿ ದಾನಿಗೂ ಒಂದು ಪುಟ ಹೋಗ್ಬೇಕು, ಅಚ್ಚು ಹಾಕಿದ ಬಣ್ಣದ ಪುಸ್ತಕ ಬೇಡ. ಎಷ್ಟು ಬಂತು, ಬಸ್ಸಿಗೆ ಎಷ್ಟು, ಫೀಸಿನ ಕೈಗಡಕ್ಕೆ ಎಷ್ಟು, ಟೇಬಲ್ಲಿನ ಹುಡುಗಿಯ ಸಂಬಳ ಎಷ್ಟು, ಅವಳಿಂದ ಸರ್ಕಾರದ ದುಡ್ಡು ಎಷ್ಟು ಮಕ್ಕಳಿಗೆ ಬಂತು, ಕೈಯಲ್ಲಿ ಎಷ್ಟು ಉಳಿದಿದೆ. ಎಷ್ಟು ಮಕ್ಕಳು ಸಹಾಯ ಸಿಕ್ಕಿಯೂ ಕಾಲೇಜು ಬಿಟ್ರು, ಯಾಕೆ ಬಿಟ್ರು, ಅದನ್ನೂ ಬರೀರಿ, ಮಕ್ಕಳ ಹೆಸರು ಹಾಕದೆ. ಆ ಸಾಲು ಬರೆಯೋಕೆ ಎಲ್ರೂ ಹಿಂಜರೀತಾರೆ, ಆದ್ರೆ ದಾನಿ ಪತ್ರವನ್ನು ನಂಬೋದು ಆ ಸಾಲಿನಿಂದ. ನಮ್ಮ ಒಬ್ಬರು ದಾನಿ, ಪೊವಾಯಿಯಲ್ಲಿ ಹೋಟೆಲು, ಮೂರು ವರ್ಷ ಸುಮ್ಮನೆ ಚೆಕ್ ಕಳಿಸಿದವರು, ನಾಲ್ಕನೇ ವರ್ಷ ಪತ್ರ ಓದಿ ಫೋನ್ ಮಾಡಿದ್ರು. ಹನ್ನೊಂದು ಮಕ್ಕಳು ಬಿಟ್ಟಿದ್ದಾರಲ್ಲ, ಅದರಲ್ಲಿ ಆರು ಮಂದಿ ರಾತ್ರಿ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ ಬೆಳಗ್ಗೆ ಏಳೋಕಾಗದೆ ಬಿಟ್ಟದ್ದು ಅಂತ ಬರೆದಿದ್ದೀರಿ, ನಾನೂ ಹಾಗೇ ಬಿಟ್ಟದ್ದು, ಅವರನ್ನು ವಾಪಸ್ ಕರೆಸೋಕೆ ಎಷ್ಟು ಬೇಕು ಹೇಳಿ ಅಂತ. ಅಲ್ಲಿಂದ ಮೇಲೆ ಅವರಿಗೆ ಗೇಟಿನ ವಿಷಯ ನೆನಪೇ ಆಗ್ಲಿಲ್ಲ.

ಕಟ್ಟಡ ಕೊಡ್ತೇನೆ ಅಂತ ಹಟ ಹಿಡಿದವರನ್ನು ವಾಪಸ್ ಕಳಿಸ್ಬೇಡಿ ಮತ್ತೆ. ಒಂದೇ ಷರತ್ತು ಹಾಕಿ, ಕಟ್ಟಡದ ಖರ್ಚಿನ ನೂರಕ್ಕೆ ಹತ್ತು ಬೇರೆ ಖಾತೆಯಲ್ಲಿ ನಿರ್ವಹಣೆಗೆ, ಬ್ಯಾಟರಿ, ಮಾಡು ಸೋರೋದು, ಸುಣ್ಣಬಣ್ಣ ಅದರಿಂದ. ಜಾಗ ಸರ್ಕಾರದ್ದು, ಆದ್ದರಿಂದ ಇಲಾಖೆಯ ಅನುಮತಿ ಮತ್ತೆ ಸಮಿತಿಯ ಠರಾವು ಕೈಗೆ ಬಂದ ಮೇಲೆಯೇ ಕಲ್ಲು ಹಾಕೋದು. ಮುಗಿದ ದಿನವೇ ಆಸ್ತಿ ರಿಜಿಸ್ಟರಿಗೆ ಏರಿಸಿ.

ಈಗ ನೀವು ಮಾಡ್ಬೇಕಾದ್ದು, ಪ್ರಿನ್ಸಿಪಾಲರ ಹತ್ರ ಕೇಳಿ ಎರಡನೇ ವರ್ಷದ ಒಂದು ಕ್ಲಾಸಿನ ಜುಲೈ, ಆಗಸ್ಟ್, ಸೆಪ್ಟೆಂಬರ್ ಹಾಜರಿ ಪುಸ್ತಕ ತಗೊಂಡು ಕೂತ್ಕೊಳ್ಳಿ. ಗುರುವಾರ ಶುಕ್ರವಾರ ನೋಡಿ. ಸಂಘದ ಬೈಲಾ ಮತ್ತೆ ಕೊನೆಯ ಆಡಿಟ್ ರಿಪೋರ್ಟು ಸಿಕ್ಕಿದ್ರೆ ನನಗೆ ಕಳಿಸಿ, 80ಜಿಗೆ ಆಗ್ತದಾ ನೋಡಿ ಹೇಳ್ತೇನೆ.